ನೆರೆ ನಿಂತ ಗೆರೆ

"ಸುಳ್ಳು!"

ಹಿಂದಿನಿಂದ ಬಂದ ಆ ಒಂದೇ ಮಾತಿಗೆ ನೆರೆ ಮ್ಯೂಸಿಯಂನ ಹಜಾರವೆಲ್ಲ ತಿರುಗಿ ನೋಡಿತು.

ಗೋಡೆಯ ಮೇಲಿನ ನೀಲಿ ಗೆರೆಗೆ ಅಂಗೈ ಒತ್ತಿ, "ಮೂವತ್ತು ವರ್ಷದ ಹಿಂದಿನ ನೆರೆಯಲ್ಲಿ ನೀರು ಇಲ್ಲಿಯವರೆಗೆ ನಿಂತಿತ್ತು" ಎಂದು ಪ್ರವಾಸಿಗರಿಗೆ ಹೇಳುತ್ತಿದ್ದ ಕ್ಯುರೇಟರ್‌ನ ಮಾತು ಅಲ್ಲಿಗೇ ನಿಂತಿತು. ಕೈ ಮಾತ್ರ ಗೆರೆ ಬಿಟ್ಟು ಕದಲಲಿಲ್ಲ.

"ಯಾರು ಅಂದಿದ್ದು?"

"ನಾನು. ನೀರು ಅಲ್ಲಿಯವರೆಗೆ ನಿಂತಿರಲಿಲ್ಲ. ಅದಕ್ಕಿಂತ ಬಹಳ ಮೇಲೆ ನಿಂತಿತ್ತು."

ಗುಂಪು ಸೀಳಿ ದಾರಿ ಬಿಟ್ಟಿತು. ಮುಂದೆ ಬಂದವಳ ಹೆಗಲಲ್ಲಿ ಚೀಲ, ಕೈಯಲ್ಲಿ ಅಳತೆ ಟೇಪು, ಮುಖದ ಮೇಲೆ ಕೊಳೆತ ತರಕಾರಿಯನ್ನು ತಾಜಾ ಎಂದು ಮಾರುವವನನ್ನು ಕಂಡವಳ ಭಾವ.

ಕ್ಯುರೇಟರ್‌ಗೆ ಗುರುತು ಸಿಕ್ಕಿತು. ಕೆಂಪು ಚೀಟಿ!

ಅದು ಅವಳ ಹೆಸರಲ್ಲ, ಕೆಲಸ ತಂದುಕೊಟ್ಟ ಬಿರುದು. ಪ್ರಾದೇಶಿಕ ಸಂಗ್ರಹಾಲಯಗಳ ಒಕ್ಕೂಟ ಅವಳನ್ನು ಊರೂರಿಗೆ ಕಳಿಸುತ್ತಿತ್ತು. ಅವಳು ಹೋಗಿ ಪ್ರತಿಯೊಂದು ಫಲಕವನ್ನೂ ಓದುತ್ತಿದ್ದಳು. ಸುಳ್ಳು ಕಂಡಲ್ಲಿ ಒಂದು ಕೆಂಪು ಚೀಟಿ ಅಂಟಿಸುತ್ತಿದ್ದಳು. ಭೌತಶಾಸ್ತ್ರದಲ್ಲಿ ಚಿನ್ನದ ಪದಕ ಪಡೆದವಳಿಗೆ ಚೀಟಿ ಅಂಟಿಸುವ ಕೆಲಸವೇ ಎಂದು ಬಂಧುಗಳು ಮೂಗು ಮುರಿಯುತ್ತಿದ್ದರು. ಅವಳು ಬಂಧುಗಳ ಮೇಲೇ ಮೂಗು ಮುರಿಯುತ್ತಿದ್ದಳು. ಅವಳ ಮೂಗಿಗೆ ಆ ವ್ಯಾಯಾಮ ಚೆನ್ನಾಗಿ ಒಗ್ಗಿತ್ತು.

ಒಗ್ಗದೇ ಏನು ಮಾಡೀತು? ಒಂದು ವಿಜ್ಞಾನ ಕೇಂದ್ರದ ಸೌರಮಂಡಲದಲ್ಲಿ ಶನಿಯ ಬಳೆ ಕಳಚಿ ಗುರುವಿನ ಕೊರಳಿಗೆ ಬಿದ್ದಿತ್ತು. ಅದನ್ನು ತೋರಿಸಿದರೆ, "ನೋಡೋಕೆ ಚೆನ್ನಾಗೇ ಇದೆಯಲ್ಲ ಮೇಡಂ" ಎಂದಿದ್ದರು. ಭೂಕಂಪದ ಮ್ಯೂಸಿಯಂ ಒಂದರಲ್ಲಿ ನಡುಗಬೇಕಾದ ವೇದಿಕೆ ನಡುಗುತ್ತಿರಲಿಲ್ಲ, ಅಲ್ಲಾಡಬಾರದ ಮೆಟ್ಟಿಲು ಅಲ್ಲಾಡುತ್ತಿತ್ತು. ಸತ್ತವರ ಪಟ್ಟಿಯ ಮುಂದೆ ನಿಂತು ಕೂದಲು ಸರಿಮಾಡಿಕೊಂಡು ಸೆಲ್ಫಿ ತೆಗೆದುಕೊಳ್ಳುವವರನ್ನು ನೋಡಿ ನೋಡಿ ಅವಳಿಗೆ ಮನುಷ್ಯಜಾತಿಯ ಮೇಲೇ ಒಂದು ಕೆಂಪು ಚೀಟಿ ಅಂಟಿಸಬೇಕೆನಿಸುತ್ತಿತ್ತು.

"ಯಾವ ಆಧಾರದ ಮೇಲೆ ಸುಳ್ಳು ಅಂತೀರಿ?" ಕ್ಯುರೇಟರ್ ಕೇಳಿದ.

"ನಿಮ್ಮ ಬಾಗಿಲಲ್ಲೇ ನೇತಾಡ್ತಿರೋ ಫಲಕದ ಆಧಾರದ ಮೇಲೆ. ಅಂದಿನ ಇಂಜಿನಿಯರ್ ವರದಿ. ಹಜಾರದ ನೆಲದಿಂದ ಆರಡಿ ಎಂಟಂಗುಲ. ದಿನಾ ಅದರ ಕೆಳಗೇ ಓಡಾಡ್ತೀರಲ್ಲ, ಒಂದು ಸಲವಾದ್ರೂ ಓದಿದ್ದೀರಾ?"

ಅವನ ಕಿವಿ ಕೆಂಪಾಯಿತು.

"ಟೇಪು ಹಿಡೀರಿ" ಎಂದಳು.

ಅವನು ಮಂಡಿಯೂರಿ ಒಂದು ತುದಿಯನ್ನು ಕಲ್ಲುಹಾಸಿಗೆ ಒತ್ತಿದ. ಅವಳು ಇನ್ನೊಂದು ತುದಿಯನ್ನು ಗೆರೆಯವರೆಗೆ ಎಳೆದಳು. ಸರಿಯಾಗಿ ಐದಡಿ!

"ಒಂದಡಿ ಎಂಟಂಗುಲ ನುಂಗಿದ್ದೀರಿ" ಎಂದಳು ತಣ್ಣಗೆ. "ಜನ ಪಕ್ಕದಲ್ಲಿ ನಿಂತು ಫೋಟೋ ತೆಗೆಸ್ಕೊಳ್ಳೋಕೆ ಅನುಕೂಲ ಆಗ್ಲಿ ಅಂತಾನಾ?"

"ಗೆರೆ ನಾನು ಎಳೆದಿದ್ದಲ್ಲ. ನಾನು ಬಂದು ವರ್ಷ ಆಯ್ತು ಅಷ್ಟೆ. ಇದು ನೆರೆ ಕಂಡವರು ಎಳೆದ ಗೆರೆ. ಅವರಲ್ಲಿ ಒಬ್ಬರು ನಮ್ಮಲ್ಲೇ ಇದ್ದಾರೆ, ಟಿಕೆಟ್ ಕೊಡೋ ಅಕ್ಕ. ಮಗಳ ಹೆರಿಗೆ ಅಂತ ರಜೆ ಹಾಕಿದ್ದಾರೆ. ಅವರು ಬರೋವರೆಗೂ ಕಾಯಿರಿ."

"ಯಾಕೆ?"

"ಅವರಿಗೆ ನೆನಪಿದೆ."

"ನೆನಪಿನಲ್ಲಿ ಅಂಗುಲ ಇರಲ್ಲ, ಸ್ವಾಮಿ."

ಪಟ್ಟೆಂದು ಕೆಂಪು ಚೀಟಿ ಗೋಡೆಗೆ ಬಿತ್ತು. ಅವಳು ಅಲ್ಲೇ ಇದ್ದ ಕಮಾನು ಕಿಟಕಿಯ ಅಂಚಿನ ಮೇಲೆ ಕುಳಿತು, ಎರಡೂ ಪಾದ ನೆಲಕ್ಕೂರಿ, ವರದಿ ಬರೆಯತೊಡಗಿದಳು.

ಸರ್ರ್… ಎಂದು ಸದ್ದಾಯಿತು. ತಲೆ ಎತ್ತಿದರೆ, ಅವನು ಚೀಟಿ ಕಿತ್ತು ಹಾಕಿದ್ದ!

"ಏನ್ರೀ ಇದು! ಅದನ್ನ ಕೀಳೋ ಹಾಗಿಲ್ಲ!"

"ಇನ್ನೊಂದು ಅಂಟಿಸಿ. ಅದನ್ನೂ ಕೀಳ್ತೀನಿ. ನಿಮ್ಮ ಚೀಲ ಖಾಲಿಯಾಗೋವರೆಗೂ ನನಗೆ ಬಿಡುವಿದೆ. ಫಲಕ ಓದಿಲ್ಲ ಅಂದ್ರಿ, ಒಪ್ತೀನಿ, ನನ್ನದೇ ತಪ್ಪು. ಆದ್ರೆ ಕೆಸರು ಗೋರಿದವರು ಎಳೆದ ಗೆರೆಗೆ ಚೀಟಿ ಅಂಟಿಸೋಕೆ ನಾನು ಬಿಡಲ್ಲ."

ಅವಳು ಎದ್ದು ನಿಂತಳು. ಇಷ್ಟು ವರ್ಷದಲ್ಲಿ ಯಾರೂ ಅವಳ ಚೀಟಿ ಕಿತ್ತಿರಲಿಲ್ಲ. ಎಲ್ಲರೂ ಕಾಫಿ ತರಿಸುತ್ತಿದ್ದರು, "ಸರಿ ಮೇಡಂ" ಎನ್ನುತ್ತಿದ್ದರು, ಅವಳು ಹೊರಟ ಮೇಲೆ ಬೈಯುತ್ತಿದ್ದರು. ಇವನು ಮುಖದ ಮುಂದೆಯೇ…

'ಎದೆ ಯಾಕೆ ಹೀಗೆ ಬಡ್ಕೊಳ್ತಿದೆ? ಸಿಟ್ಟಿಗೆ. ಸಿಟ್ಟಲ್ಲದೆ ಇನ್ನೇನು!'

"ನಿಮ್ಮಂಥ ಹಠಮಾರಿನ ನಾನು ನೋಡಿಲ್ಲ" ಎಂದಳು.

"ಮನೇಲಿ ಕನ್ನಡಿ ಇಲ್ವಾ?" ಎಂದ.

*

ಆ ವಾರವೆಲ್ಲ ಅವಳು ಅವನನ್ನು ಮನಸ್ಸಿನಲ್ಲೇ ಬೈದಳು. ಹಲ್ಲುಜ್ಜುವಾಗ ಬೈದಳು, ಬಸ್ಸಿನಲ್ಲಿ ಬೈದಳು, ತಟ್ಟೆಯ ಮುಂದೆ ಕುಳಿತು ಬೈದಳು. ಅವನು ಹೀಗೆಂದರೆ ತಾನು ಹಾಗೆನ್ನಬೇಕು ಎಂದು ಉತ್ತರಗಳನ್ನು ಹರಿತ ಮಾಡಿಟ್ಟುಕೊಂಡಳು.

"ಯಾರ ಜೊತೆ ಜಗಳ?" ಅತ್ತಿಗೆ ಕೇಳಿದಳು. "ತುಟಿ ಅಲ್ಲಾಡ್ತಿದೆ."

"ಒಬ್ಬ ಕ್ಯುರೇಟರ್. ಅಹಂಕಾರದ ಮೂಟೆ."

"ನೋಡೋಕೆ ಹೇಗಿದ್ದಾನೆ?"

"ಅತ್ತಿಗೆ!"

"ಕೇಳಿದೆ ಅಷ್ಟೆ. ನಿನ್ನನ್ನ ನೋಡೋಕೆ ಬಂದಿದ್ದ ಹಲ್ಲಿನ ಡಾಕ್ಟರನ್ನ ಅರ್ಧ ನಿಮಿಷದಲ್ಲಿ ಮರೆತೆ. ಇವನನ್ನ ವಾರದಿಂದ ಅಗೀತಾ ಇದ್ದೀಯ."

ಅವಳು ಉತ್ತರಿಸುವ ಮೊದಲೇ ಫೋನು ಮಿಣುಕಿತು. ಅವನದೇ ಸಂದೇಶ! ತೆರೆದಳು.

"ನೀವು ಹೇಳಿದ್ದೇ ಸರಿ. ಹಳೆಯ ಗೆರೆ ಕೆರೆದು ತೆಗೆಸಿದ್ದೇನೆ. ಆರಡಿ ಎಂಟಂಗುಲಕ್ಕೆ ಹೊಸ ಗೆರೆ ಎಳೆದಿದ್ದೇನೆ. ಕ್ಷಮಿಸಿ."

ಅಷ್ಟೇ.

ಗೆದ್ದಿದ್ದಳು. ಗೆದ್ದವಳಿಗೆ ಗೆದ್ದಂತೆ ಯಾಕೆ ಅನ್ನಿಸುತ್ತಿಲ್ಲ? 'ಇಷ್ಟೇನಾ ನೀನು? ಒಕ್ಕೂಟದ ಅನುದಾನ ನಿಲ್ಲುತ್ತೆ ಅಂತ ಹೆದರಿ ಬಾಲ ಮುದುರಿಕೊಂಡೆಯಾ? ಎಲ್ಲರ ಹಾಗೇ ನೀನೂ…'

"ಏನಂತೆ?" ಅತ್ತಿಗೆ ಇಣುಕಿದಳು.

"ಕ್ಷಮೆ ಕೇಳಿದ್ದಾನೆ."

"ಮತ್ತೆ ಅಳೋ ಮುಖ ಯಾಕೆ?"

"ಬೆನ್ನುಮೂಳೆ ಇಲ್ಲದವರನ್ನ ಕಂಡ್ರೆ ನನಗೆ ಅಸಹ್ಯ, ಅತ್ತಿಗೆ."

ಫೋನನ್ನು ಮಗುಚಿಟ್ಟಳು. ಆದರೆ ಆ ಸಂದೇಶವನ್ನು ಅಳಿಸಲಿಲ್ಲ.

*

ಮುಂದಿನ ತಪಾಸಣೆ ಅದೇ ಜಿಲ್ಲೆಯ ಸ್ಥಳೀಯ ಇತಿಹಾಸದ ಮ್ಯೂಸಿಯಂನಲ್ಲಿ. ಯಾರೋ ದೊಡ್ಡ ಮನುಷ್ಯನ ಊರುಗೋಲು, ಆ ದೊಡ್ಡ ಮನುಷ್ಯನ ಹೆಂಡತಿಯ ಬೀಸಣಿಗೆ, ಅವರ ನಾಯಿಯ ಕೊರಳಪಟ್ಟಿ. ನಾಯಿಗೆ ಇಡೀ ಒಂದು ಗಾಜಿನ ಪೆಟ್ಟಿಗೆ, ಊರಿನ ನೇಕಾರರಿಗೆಲ್ಲ ಸೇರಿ ಅರ್ಧ ಫಲಕ! ಅವಳು ತುಟಿ ಕೊಂಕಿಸಿ ಮುಂದೆ ಸರಿದಳು.

ಮೂಲೆಯಲ್ಲಿ ಒಂದು ಹಳೆಯ ಫೋಟೋ. 'ಅಂಚೆ ಕಚೇರಿಯ ಸಿಬ್ಬಂದಿ.'

ನೆರೆ ಮ್ಯೂಸಿಯಂ ಇರುವ ಕಟ್ಟಡ ಹಿಂದೆ ಅಂಚೆ ಕಚೇರಿಯಾಗಿತ್ತು. ಅದೇ ಹಜಾರ. ಅದೇ ಕಮಾನು ಕಿಟಕಿ. ಕಿಟಕಿಯ ಪಕ್ಕ ಒಬ್ಬ ಗುಮಾಸ್ತ ಕೋಟು ತೊಟ್ಟು ನಿಂತಿದ್ದಾನೆ. ಕಿಟಕಿಯ ಅಂಚು ಅವನ ಸೊಂಟದ ಮಟ್ಟಕ್ಕಿದೆ.

ಅವಳು ಮುಂದೆ ಹೋದಳು. ನಿಂತಳು. ಹಿಂದೆ ಬಂದಳು.

ಸೊಂಟಕ್ಕೆ?

'ನಾನು ಆ ಅಂಚಿನ ಮೇಲೆ ಕೂತು ವರದಿ ಬರೆದೆ. ಎರಡೂ ಪಾದ ನೆಲದ ಮೇಲಿತ್ತು…'

ಕಿಟಕಿ ಕೆಳಗಿಳಿಯುವುದಿಲ್ಲ. ಹಾಗಾದರೆ…

ನೆಲ ಮೇಲೆ ಬಂದಿದೆ!

ಇಂಜಿನಿಯರ್ ಅಳೆದದ್ದು ಅಂದಿನ ನೆಲದಿಂದ. ಅವಳು ಅಳೆದದ್ದು ಇಂದಿನ ನೆಲದಿಂದ. ಅಳೆಯುವ ಮೊದಲು ಸೊನ್ನೆ ಎಲ್ಲಿದೆ ನೋಡು ಎಂಬುದು ಕಾಲೇಜಿನ ಮೊದಲ ತರಗತಿಯ ಪಾಠ. ಚಿನ್ನದ ಪದಕದವಳು ಅದನ್ನೇ ನೋಡಿರಲಿಲ್ಲ. ಗೆರೆ ಸರಿಯಾಗಿತ್ತು! ಮೂವತ್ತು ವರ್ಷ ಸರಿಯಾಗಿದ್ದ ಗೆರೆಯನ್ನು ಅವಳು ಒಂದು ಟೇಪು ಹಿಡಿದು, ನಾಲ್ಕು ಕುಹಕದ ಮಾತಾಡಿ, ಅಳಿಸಿ ಹಾಕಿಸಿದ್ದಳು.

'ಎಂಥ ಕತ್ತೆ ನಾನು! ಎಂಥ ಅಪ್ಪಟ, ಪದಕ ಹಾಕ್ಕೊಂಡ ಕತ್ತೆ!'

ಅಷ್ಟು ದಿನ ಜಗತ್ತಿಗೆ ಹಂಚಿದ ತಿರಸ್ಕಾರವೆಲ್ಲ ಒಟ್ಟಾಗಿ ಮನೆಗೆ ವಾಪಸು ಬಂದಂತಿತ್ತು. ಫೋಟೋದಲ್ಲಿದ್ದ ಗುಮಾಸ್ತ ಅವಳನ್ನೇ ನೋಡುತ್ತಿದ್ದ. ಅವನ ಮುಖದಲ್ಲೂ ಅದೇ ಭಾವ.

ಅಲ್ಲೇ ನಿಂತು ಒಕ್ಕೂಟಕ್ಕೆ ಬರೆದಳು: ವರದಿ ತಪ್ಪು, ತಪ್ಪು ನನ್ನದು. ಕಳಿಸುವ ಗುಂಡಿಯ ಮೇಲೆ ಬೆರಳು ಸ್ವಲ್ಪ ಹೊತ್ತು ತಡೆಯಿತು. 'ಇನ್ನು ಮೇಲೆ ಎಲ್ಲ ಮ್ಯೂಸಿಯಂನವರೂ ನಗ್ತಾರೆ… ನಗಲಿ!' ಒತ್ತಿದಳು. ಆದರೆ ಅವನಿಗೆ ಸಂದೇಶ ಬರೆಯಲು ಕೈ ಒಪ್ಪಲಿಲ್ಲ. ಇದನ್ನು ಮುಖ ನೋಡಿ ಹೇಳಬೇಕಿತ್ತು.

*

ನೆರೆ ಮ್ಯೂಸಿಯಂನ ಟಿಕೆಟ್ ಕಿಂಡಿಯಲ್ಲಿ ಈ ಸಲ ಒಬ್ಬ ಹೆಂಗಸು ಕುಳಿತಿದ್ದಳು. ನರೆತ ಕೂದಲು, ಚುರುಕು ಕಣ್ಣು.

"ಕ್ಯುರೇಟರ್ ಇದ್ದಾರಾ?"

"ನೀವು ಆ ಕೆಂಪು ಚೀಟಿಯಮ್ಮನಾ?"

"…ಹೌದು."

"ಬನ್ನಿ ಬನ್ನಿ. ನಿಮ್ಮನ್ನೇ ಕಾಯ್ತಿದ್ದೆ." ಟಿಕೆಟ್ ಅಕ್ಕ ಎದ್ದು ಹಜಾರಕ್ಕೆ ಕರೆದೊಯ್ದಳು. ಗೋಡೆಯ ಮೇಲೆ ಹೊಸ ನೀಲಿ ಗೆರೆ ತಲೆಗಿಂತ ಎತ್ತರದಲ್ಲಿ ಮಿರುಗುತ್ತಿತ್ತು. ಅದಕ್ಕೂ ಕೆಳಗೆ, ಹಿಂದೆ ತೊಲೆಗಳು ಕೂತಿದ್ದ ಗುರುತು. "ಅಲ್ಲಿ ಅಟ್ಟ ಇತ್ತು. ಅಂಚೆ ಚೀಲ ಇಡೋ ಅಟ್ಟ. ಆವತ್ತು ನಾನು ಅದರ ಮೇಲೆ ಕೂತಿದ್ದೆ, ಮಡಿಲಲ್ಲಿ ಎಳೇ ಮಗು. ಕಾಲು ಇಳಿಬಿಟ್ರೆ ಪಾದಕ್ಕೆ ನೀರು ತಾಗ್ತಿತ್ತು. ಈಗ ನಿಮ್ಮ ಗೆರೆ ನೋಡಿ. ಅಟ್ಟಕ್ಕಿಂತ ಮೇಲಿದೆ. ಅಂದ್ರೆ ನಿಮ್ಮ ಲೆಕ್ಕದಲ್ಲಿ ಮಗು ಮುಳುಗಿ ಹೋಯ್ತು. ಆ ಮಗು ಮೊನ್ನೆ ಹೆತ್ತಳು. ಮೊಮ್ಮಗಳಿಗೆ ಏನಂತ ಹೇಳಲಮ್ಮ, ನಿನ್ನಮ್ಮ ಹುಟ್ಟಿದ ವರ್ಷವೇ ಸತ್ತಿದ್ಳು ಅಂತ ಹೇಳಲಾ?"

ಅವಳು ತಲೆ ಎತ್ತಿ ತೊಲೆಯ ಗುರುತು ನೋಡಿದಳು.

"ಹಳೇ ಗೆರೆ ನಮ್ಮೆಜಮಾನ್ರು ಎಳೆದಿದ್ದು. ಗೋಡೆ ಇನ್ನೂ ಒದ್ದೆ ಇದ್ದಾಗ. ಅವರಿಲ್ಲ, ಗೆರೆ ಇತ್ತು. ಈಗ…" ಅಕ್ಕ ಮುಖ ತಿರುಗಿಸಿದಳು. "ಆಗ್ಲಿ. ಓದಿದೋರು ಅಳೆದಿದ್ದೀರಿ. ನನ್ನ ನೆನಪೇ ಹಾಳಾಗಿದೆಯೇನೋ ಅಂತ ರಾತ್ರಿಯೆಲ್ಲ ಯೋಚಿಸಿದೆ."

"ಇಲ್ಲ ಅಕ್ಕ. ನಿಮ್ಮ ನೆನಪು ಸರಿ. ನಾನು ತಪ್ಪು." ಕೈ ಜೋಡಿಸಿದಳು. "ಪೂರ್ತಿ ತಪ್ಪು."

"ಇನ್ನೊಂದು ಸಲ ಹೇಳಿ" ಎಂದಿತು ಬಾಗಿಲ ಬಳಿಯಿಂದ ಒಂದು ಧ್ವನಿ.

ಕ್ಯುರೇಟರ್! ಗಡ್ಡ ಬೆಳೆದಿತ್ತು, ಕಣ್ಣು ಕೆಂಪಾಗಿತ್ತು. ಅಕ್ಕ ಬಂದಾಗಿನಿಂದ ಅವನು ಅವಳ ಮುಖ ನೋಡಲಾರದೆ ಕಚೇರಿಯೊಳಗೇ ಅಡಗಿದ್ದ.

"ಗೆರೆ ತಪ್ಪಲ್ಲ" ಎಂದಳು. "ನೆಲ ತಪ್ಪು. ನೆಲ ಮೇಲೆ ಬಂದಿದೆ."

"ಓಹೋ! ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ."

"ಅನ್ನಿ. ಅನ್ನಿಸ್ಕೊಳ್ಳೋಕೇ ಬಂದಿದ್ದೀನಿ. ಆದ್ರೆ ನೆಲ ನಿಜವಾಗ್ಲೂ ಡೊಂಕಿದೆ!" ಫೋನಿನಲ್ಲಿದ್ದ ಫೋಟೋ ತೋರಿಸಿದಳು. ಗುಮಾಸ್ತನ ಸೊಂಟ, ಕಿಟಕಿಯ ಅಂಚು. ಅವನು ಫೋಟೋ ನೋಡಿದ, ಕಿಟಕಿ ನೋಡಿದ, ತನ್ನ ಮೊಣಕಾಲು ನೋಡಿಕೊಂಡ. ಮುಖದ ಬಣ್ಣ ಇಳಿಯಿತು.

"ಹಿಂದಿನ ಉಗ್ರಾಣ…" ಎಂದ. "ಅದಕ್ಕೆ ಮೆಟ್ಟಿಲು ಇಳಿದು ಹೋಗ್ಬೇಕು."

ಇಬ್ಬರೂ ಓಡಿದರು.

ಮುರಿದ ಮಾದರಿಗಳು, ಹರಿದ ನಕ್ಷೆಗಳು, ಕತ್ತಿಲ್ಲದ ಡೈನೋಸಾರ್. ಅವನ್ನೆಲ್ಲ ಸರಿಸಿ ಅವಳು ಮೆಟ್ಟಿಲ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತಳು. ಹಜಾರದ ಕಲ್ಲುಹಾಸು ಕೊನೆಯಾಗುವಲ್ಲಿ ಗಾರೆ ಉದುರಿ ಒಳಭಾಗ ಕಾಣುತ್ತಿತ್ತು. ಇಟ್ಟಿಗೆಯಲ್ಲ, ಜಲ್ಲಿಯಲ್ಲ. ಒಣಗಿದ ಮಣ್ಣು. ತಳದಲ್ಲಿ ದಪ್ಪ ಮರಳು, ಮೇಲೇರಿದಂತೆ ಸಣ್ಣಗೆ, ತುದಿಯಲ್ಲಿ ಹಿಟ್ಟಿನಂಥ ಮೆಕ್ಕಲು.

"ನೋಡಿ" ಎಂದಳು ಪಿಸುಮಾತಿನಲ್ಲಿ. "ದಪ್ಪ ಕಣ ಮೊದಲು ತಳ ಸೇರುತ್ತೆ, ನೀರು ಸುಮ್ಮನಾದ ಮೇಲೆ ಸಣ್ಣದು. ಇದು ಆ ನೆರೆಯ ಕೆಸರು. ಉಗ್ರಾಣದ್ದು ಮಾತ್ರ ಗೋರಿದ್ದಾರೆ. ಹಜಾರದ್ದನ್ನ ಹೊತ್ತು ಹಾಕೋಕೆ ಬೇಸರವಾಗಿ, ಕಟ್ಟಡ ಬೀಗ ಹಾಕಿದ್ದ ಕಾಲದಲ್ಲಿ ಯಾವನೋ ಗುತ್ತಿಗೆದಾರ ಅದರ ಮೇಲೇ ಕಲ್ಲು ಹಾಸಿ ಬಿಟ್ಟಿದ್ದಾನೆ!"

"ಅಂದ್ರೆ… ಪ್ಲಾಸ್ಟಿಕ್ಕಿನ ನೆರೆ ಮಾಡಿ, ನೀಲಿ ದೀಪ ಹಾಕಿ ಜನಕ್ಕೆ ತೋರಿಸ್ತಿದ್ದೀವಿ. ನಿಜವಾದ ನೆರೆ ನಮ್ಮ ಕಾಲಡಿ ಇದೆ."

"ನಿಮ್ಮ ಕಾಲಡಿ. ನನ್ನ ಟೇಪಿನಡಿ."

ಮೊದಲ ಸಲ ಇಬ್ಬರೂ ಒಟ್ಟಿಗೆ ನಕ್ಕರು. ನಗು ಬೇಗ ಸತ್ತಿತು. ಕೆರೆದು ತೆಗೆದ ಗೆರೆ ಹಾಗೆಲ್ಲ ವಾಪಸು ಬರುವುದಿಲ್ಲ.

ಆಗ ಅವನು ಟಾರ್ಚ್ ಹಿಡಿದ. ಸುಣ್ಣ ಕಾಣದ ಉಗ್ರಾಣದ ಗೋಡೆಯ ಮೇಲೆ, ಉದ್ದಕ್ಕೂ, ಕಂದು ಬಣ್ಣದ ಒಂದು ಕಲೆ. ನೀರು ನಿಂತ ಜಾಗ.

*

ಗಾರೆ ಕೆಲಸದವರ ಬಳಿ ಇರುವಂಥ ಉದ್ದನೆಯ ಪಾರದರ್ಶಕ ಪೈಪನ್ನು ಬೀದಿಯಾಚೆಯ ಅಂಗಡಿಯಿಂದ ತಂದರು. ನೀರು ತುಂಬಿದರು. ಬಾಗಿಲು ದಾಟಿಸಿ, ಒಂದು ತುದಿಯನ್ನು ಅವನು ಉಗ್ರಾಣದ ಕಲೆಗೆ ಹಿಡಿದ, ಇನ್ನೊಂದನ್ನು ಅವಳು ಹಜಾರದ ಗೋಡೆಗೆ ಹಿಡಿದಳು. ನಡುವೆ ದಪ್ಪ ಗೋಡೆ. ಒಬ್ಬರಿಗೊಬ್ಬರು ಕಾಣುತ್ತಿರಲಿಲ್ಲ.

ಎರಡು ತುದಿಯಲ್ಲೂ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಅದಕ್ಕೆ ನೆಲದ ಹಂಗಿಲ್ಲ, ಪದಕದ ಹಂಗಂತೂ ಇಲ್ಲವೇ ಇಲ್ಲ.

"ಗುಳ್ಳೆ ಇದೆಯಾ ನೋಡಿ!" ಅವಳು ಕೂಗಿದಳು. "ಗುಳ್ಳೆ ಇದ್ರೆ ಮಟ್ಟ ತಪ್ಪಾಗುತ್ತೆ!"

"ನನಗೆ ಪಾಠ ಹೇಳ್ಬೇಡಿ!"

"ಯಾರಾದ್ರೂ ಹೇಳ್ಬೇಕಲ್ಲ!"

"ನಿಂತಿತಾ ನೀರು?"

"ಇಲ್ಲ. ನಿಮ್ಮ ಕೈ ನಡುಗ್ತಿದೆ."

"ನಡುಗ್ತಿರೋದು ನಿಮ್ಮದು."

ಪೈಪಿನಲ್ಲಿ ನೀರು ಏರಿತು, ಇಳಿಯಿತು… ಏರಿತು…

"ಒಂದು ಕೇಳ್ತೀನಿ" ಎಂದಳು ಗೋಡೆಗೆ. "ಅಷ್ಟು ಜಗಳ ಆಡಿದವರು ವಾರದಲ್ಲಿ ಯಾಕೆ ಸೋತ್ರಿ? ಅನುದಾನದ ಭಯಾನಾ?"

"ಅನುದಾನದ ಮನೆ ಹಾಳಾಗ!" ಧ್ವನಿ ಗಡುಸಾಗಿತ್ತು. "ನೀವು ಹೋದ ಮೇಲೆ ನಾನೇ ಟೇಪು ಹಿಡಿದು ಮತ್ತೆ ಅಳೆದೆ. ಐದಡಿನೇ ಬಂತು. ತಪ್ಪು ಅಂತ ಅನ್ನಿಸಿದ ಮೇಲೂ ಹಠಕ್ಕೆ ಅದನ್ನೇ ಜನಕ್ಕೆ ತೋರಿಸ್ತಾ ಇರ್ಬೇಕಿತ್ತಾ? ಅಷ್ಟು ಕೀಳು ಅಂದ್ಕೊಂಡ್ರಾ ನನ್ನನ್ನ?"

ಅವಳು ಕಣ್ಣು ಮುಚ್ಚಿದಳು. ಬಾಲ ಮುದುರಿಕೊಂಡವನು ಎಂದಿದ್ದಳು. ಬೆನ್ನುಮೂಳೆ ಇಲ್ಲದವನು ಎಂದಿದ್ದಳು. ತಪ್ಪೆಂದು ಕಂಡ ಕೂಡಲೇ ಒಪ್ಪಿಕೊಳ್ಳಲು ಎಷ್ಟು ಗಟ್ಟಿ ಮೂಳೆ ಬೇಕೆಂದು ಅವಳಿಗೆ ನಿನ್ನೆಯಷ್ಟೇ ಗೊತ್ತಾಗಿತ್ತು.

"ಆದ್ರೂ…" ಗೋಡೆಯಾಚೆಯಿಂದ ಮಾತು ಮೆತ್ತಗಾಯಿತು. "ಬದಲಿಸದೇ ಇರೋಣ ಅಂತ ಒಂದು ಸಲ ಅನ್ನಿಸಿತ್ತು."

"ಯಾಕೆ?"

"ಗೆರೆ ತಪ್ಪಾಗೇ ಇದ್ದಿದ್ರೆ ನೀವು ಬೈಯೋಕೆ ಮತ್ತೆ ಬರ್ತಿದ್ರಿ."

ಅವಳ ಕೈಯಲ್ಲಿದ್ದ ಪೈಪು ಜಾರಿತು. ಉಗ್ರಾಣದಿಂದ, "ರೀ! ನೀರು ಇಳೀತಾ ಇದೆ!" ಎಂಬ ಕೂಗು.

"ನಿಮ್ಮಂಥ ದಡ್ಡ ಇನ್ನೊಬ್ಬ ಇಲ್ಲ" ಎಂದಳು, ಕಣ್ಣೀರು ಒರೆಸಿಕೊಳ್ಳುತ್ತ. "ನಿಮ್ಮ ಮಾತು ಕೇಳ್ಕೊಂಡು ಅಕ್ಕನಿಗೆ ಕಾದಿದ್ರೆ ಇದೆಲ್ಲ ಆಗ್ತಾನೇ ಇರ್ಲಿಲ್ಲ. ನಿಮ್ಮ ಸಂದೇಶ ಇನ್ನೂ ಅಳಿಸಿಲ್ಲ ನಾನು. ದಿನಾ ಓದಿ ಬೈತೀನಿ."

"ದಿನಾನಾ?"

"ಪೈಪು ಮೇಲೆ ಹಿಡೀರಿ, ಮಾತು ಬೇಡ!"

ನೀರು ತೂಗಾಡಿತು. ನಿಧಾನವಾಯಿತು. ನಿಂತಿತು.

ಅವಳು ಸೀಸದಕಡ್ಡಿಯಿಂದ ಗುರುತು ಹಾಕಿದಳು. ಅಕ್ಕ ಬಂದು ಆ ಗುರುತನ್ನು ನೋಡಿದಳು, ತೊಲೆಯ ಗುರುತನ್ನು ನೋಡಿದಳು, ಬೆರಳಿಂದ ನಡುವಿನ ಜಾಗವನ್ನು ಸವರಿದಳು. ಬಣ್ಣದ ಡಬ್ಬಿ ತೆಗೆದುಕೊಂಡಳು. ಗೆರೆ ಎಳೆಯುವಾಗ ಅವಳ ಕೈ ಅಲುಗಲಿಲ್ಲ.

"ಸ್ವಲ್ಪ ಓರೆ ಬಂತು" ಎಂದಳು ಕೊನೆಗೆ. "ಅವರದ್ದೂ ಓರೆಯಾಗೇ ಇತ್ತು. ಯಾರಾದ್ರೂ ಚೀಟಿ ಅಂಟಿಸಿ ನೋಡಿ, ಕೈ ಮುರೀತೀನಿ."

ಕುಂಚ ತೊಳೆಯಲು ಅಕ್ಕ ಹೊರಗೆ ಹೋದಳು. ಹೋಗುತ್ತ ಬಾಗಿಲನ್ನು ಬೇಕೆಂದೇ ಮುಂದಕ್ಕೆಳೆದುಕೊಂಡಳು.

ಈಗ ನಡುವೆ ಗೋಡೆ ಇರಲಿಲ್ಲ. ಅವನ ಅಂಗಿಯೆಲ್ಲ ಒದ್ದೆ, ಕೆನ್ನೆಯ ಮೇಲೆ ಉಗ್ರಾಣದ ಧೂಳು. ಅವಳ ಕೆನ್ನೆಯ ಮೇಲೆ ಒಣಗಿದ ಕಣ್ಣೀರು.

"ನಾನು ಒಳ್ಳೆಯವಳಲ್ಲ" ಎಂದಳು. "ನನ್ನ ನಾಲಿಗೆ…"

"ಗೊತ್ತು. ಜಿಲ್ಲೆಗೇ ಗೊತ್ತು."

"ಇವತ್ತು ಕಣ್ಣೀರು ಹಾಕಿದೆ ಅಂತ ನಾಳೆ ಬದಲಾಗಲ್ಲ. ಹೀಗೇ ಇರ್ತೀನಿ."

"ಹೀಗೇ ಇರಿ." ಅವನು ಅವಳ ಕೈಯಿಂದ ಒದ್ದೆ ಪೈಪನ್ನು ಬಿಡಿಸಿ ಕೆಳಗಿಟ್ಟ. ಕೈ ಬಿಡಲಿಲ್ಲ. "ಆದ್ರೆ ಇಲ್ಲೇ ಇರಿ."

ಅವಳು ಅವನನ್ನು ಬಹಳ ಹೊತ್ತು, ಒಂದು ಫಲಕ ಓದುವ ಹಾಗೆ, ಅಕ್ಷರ ಬಿಡದೆ ನೋಡಿದಳು.

"'ಇರಿ' ಅನ್ಬೇಡಿ. ಯಾರೋ ಅತಿಥಿಗೆ ಹೇಳಿದ ಹಾಗಿದೆ."

"ಮತ್ತೆ?"

"ನೀನೇ ಯೋಚಿಸು."

ಅವನು ನಕ್ಕ. ಅವಳ ಹಣೆಗೆ ಹಣೆ ತಾಗಿಸಿದ.

"ಇಲ್ಲೇ ಇರು."

"ಈಗ ಸರಿ" ಎಂದಳು.